ಹೊಡೆಯುವುದು, ಹೊಡೆಸುವುದು

ಮೊಳಕಾಲ್ಮೂರು ಸೀಮೆಯ ಶೇಂಗಾ ಬೆಳೆಗಾರನ ಒಂದು ವರ್ಷವನ್ನು ಒಂದೇ ಕ್ರಿಯಾಪದದಲ್ಲಿ ಹೇಳಿ ಮುಗಿಸಬಹುದು. ಬೇಸಿಗೆಯಲ್ಲಿ ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ ಹೊಡೀತಾನೆ. ಮುಂಗಾರು ಹನಿದರೆ ನೇಗಿಲು ಹೊಡೀತಾನೆ, ಹೆಂಟೆ ಒಡೆಯಲು ಕುಂಟೆ ಹೊಡೀತಾನೆ. ಸಾಲು ಎದ್ದು ಕಳೆ ಕಂಡರೆ ಎಡೆ ಹೊಡೀತಾನೆ. ಎಲೆಗೆ ರೋಗ ಹೊಡೆದರೆ ಔಷಧಿ ಹೊಡೀತಾನೆ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು ಬಿಸಿಲು ಹೊಡೆಯತೊಡಗಿದರೆ ಬೋರು ಹೊಡೆಸಲು ಸಾಲ ಎತ್ತುತ್ತಾನೆ. ಬೋರಿನಲ್ಲಿ ಧೂಳು ಬಂದರೆ, ‘ಈ ಸಲ ದೊಡ್ಡ ಹೊಡ್ತ ಬಿತ್ತು’ ಅನ್ನುತ್ತಾನೆ.

ಇಷ್ಟು ಮಾತಿನಲ್ಲಿ ಒಬ್ಬರ ಮೈಮೇಲೂ ಒಂದು ಏಟು ಬಿದ್ದಿಲ್ಲ. ಆದರೂ ‘ಹೊಡೆ’ ಎಂಬ ಪದದ ಅರ್ಥ ಕೇಳಿದರೆ ಅದೇ ರೈತನೂ ಕೈ ಎತ್ತಿ ಬೀಸಿ ತೋರಿಸುತ್ತಾನೆ. ನಿಘಂಟುಗಳೂ ಮೊದಲ ಅರ್ಥವಾಗಿ ಕೊಡುವುದು ಬಡಿ, ಪೆಟ್ಟು ಕೊಡು ಎಂಬುದನ್ನೇ. ಆ ಮೊದಲ ಅರ್ಥಕ್ಕೂ ಬದುಕಿನಲ್ಲಿ ಪದ ಮಾಡುವ ಕೆಲಸಕ್ಕೂ ನಡುವೆ ಇಷ್ಟು ದೂರ ಹೇಗೆ ಬಂತು ಎಂಬುದು ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವ ಪ್ರಶ್ನೆ. ಕಾಲೇಜು ಹುಡುಗರು ಟೀ ಹೊಡೆಯುತ್ತಾರೆ, ಕಾಪಿ ಹೊಡೆಯುತ್ತಾರೆ, ಲೈನ್ ಹೊಡೆಯುತ್ತಾರೆ, ಕ್ಲಾಸಿಗೆ ಚಕ್ಕರ್ ಹೊಡೆಯುತ್ತಾರೆ, ಬೋರ್ ಹೊಡೆಯುತ್ತಿದೆ ಅನ್ನುತ್ತಾರೆ. ಇದು ಭಾಷೆ ಕೆಟ್ಟ ಲಕ್ಷಣ ಎಂದು ಬೇಸರಪಡುವ ಹಿರಿಯರನ್ನು ಕಂಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಹುಡುಗರ ಆ ಮಾತಿಗೂ ರೈತ ಗೊಬ್ಬರ ಹೊಡೆಯುವ ಮಾತಿಗೂ ಬೇರು ಒಂದೇ ಎಂಬುದು ನನ್ನ ನಂಬಿಕೆ.

ಹಳಗನ್ನಡದಲ್ಲಿ ಇದು ‘ಪೊಡೆ’. ಪದದ ಮೊದಲಿನ ಪಕಾರ ಹಕಾರವಾಗುವ ಬದಲಾವಣೆ 10ನೇ ಶತಮಾನದ ಸುಮಾರಿಗೆ ತಲೆ ಹಾಕಿ 14ನೇ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಡೆ ಹೊಡೆಯಾಯಿತು. ತಮಿಳಿನಲ್ಲಿ ಇದರ ದಾಯಾದಿ ‘ಪುಡೈ’. ಅಲ್ಲಿ ಅದಕ್ಕೆ ಬಡಿ ಎಂಬ ಅರ್ಥದ ಜೊತೆಗೆ ಮೊರದಲ್ಲಿ ಕೇರು ಎಂಬ ಅರ್ಥವೂ ಇದೆ. ಹಾಗಾದರೆ ಕಣದ ಕೆಲಸದ ನಂಟು ಈ ಪದಕ್ಕೆ ತೀರ ಹಳೆಯದು.

ಆ ಕಾಲಕ್ಕೆ ಹೊಡೆತದ ಕೆಲಸಕ್ಕೆ ಪೊಡೆ ಒಂದೇ ಇರಲಿಲ್ಲ. ‘ಪೊಯ್’ ಇತ್ತು, ಮುಂದೆ ಅದು ‘ಹೊಯ್’ ಆಯಿತು. ಸೊಸೆವೂರಿನಲ್ಲಿ ಹುಲಿ ಮೇಲೆ ಬಿದ್ದಾಗ ಜೈನಮುನಿ ಸುದತ್ತರು ಕೂಗಿದ್ದು ‘ಹೊಯ್ ಸಳ’ ಎಂದು, ಅದರಿಂದಲೇ ರಾಜವಂಶಕ್ಕೆ ಹೆಸರು ಬಂತು ಎಂಬ ಐತಿಹ್ಯ ಶಾಲಾ ಮಕ್ಕಳಿಗೂ ಗೊತ್ತು. ಇವತ್ತು ಯಾರಾದರೂ ‘ಹೊಯ್ಯಿ’ ಎಂದರೆ ನಾವು ಚೊಂಬು ಎತ್ತಿ ನೀರು ಸುರಿಯುತ್ತೇವೆ. ಹೊಯ್ಗೆ ಸುರಿಯುವ ಅರ್ಥ ಉಳಿದು, ಹೊಡೆತದ ಅರ್ಥ ಹೊಯ್ದಾಟ, ಹೊಯ್‌ಕೈಯಂಥ ಕೆಲವೇ ಪದಗಳಲ್ಲಿ ಅವಿತುಕೊಂಡಿತು. ತೆರವಾದ ಆ ಜಾಗಕ್ಕೆ ಬಂದು ಕೂತದ್ದು ಹೊಡೆ. ಬಡಿ, ಗುದ್ದು, ತಟ್ಟು, ಕುಟ್ಟು ಎಲ್ಲವೂ ಪಕ್ಕದಲ್ಲಿದ್ದವು. ಆದರೆ ಅವೆಲ್ಲಕ್ಕೂ ಒಂದೊಂದು ಖಚಿತ ಭಂಗಿಯಿದೆ. ಗುದ್ದಬೇಕಾದರೆ ಮುಷ್ಟಿ ಬೇಕು, ತಟ್ಟಬೇಕಾದರೆ ಅಂಗೈ ಬೇಕು, ಕುಟ್ಟಬೇಕಾದರೆ ಒನಕೆಯೋ ಕಲ್ಲೋ ಬೇಕು. ಹೊಡೆಗೆ ಆ ಕಟ್ಟಿಲ್ಲ. ದೂರದಿಂದ ಕವಣೆ ಕಲ್ಲಿನಲ್ಲಿ ಹಕ್ಕಿಯನ್ನು ಹೊಡೆಯಬಹುದು, ಮುಟ್ಟದೆಯೇ ಕಣ್ಣು ಹೊಡೆಯಬಹುದು.

ಮೊಳಕಾಲ್ಮೂರಿನ ನೆಲದಲ್ಲಿ ಕೈಬೀಸಿನ ಪದಗಳ ಚರ್ಚೆ ಹೊಸದೇನೂ ಅಲ್ಲ. ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದರು. ಶಾಸನದ ಭಾಷೆ ಪ್ರಾಕೃತ. ಅದರಲ್ಲಿ ಬರುವ ಊರಿನ ಹೆಸರು ‘ಇಸಿಲ’. ಬಾಣ ಬಿಡುವ ಅರ್ಥದ ಧಾತುವಿನಿಂದ ಹುಟ್ಟಿ ಕೋಟೆಯನ್ನು ಸೂಚಿಸುವ ಕನ್ನಡ ಪದ ಇದು ಎಂದು ಡಿ.ಎಲ್. ನರಸಿಂಹಾಚಾರ್ ವಾದಿಸಿದ್ದರು. ಅವರ ಮಾತು ಸರಿಯಾದರೆ, ಕನ್ನಡದ ಅತಿ ಹಳೆಯ ಲಿಖಿತ ಪದಗಳಲ್ಲೊಂದು ಇದೇ ತಾಲ್ಲೂಕಿನದು, ಅದೂ ಗುರಿಯಿಟ್ಟು ಹೊಡೆಯುವವರ ಪದ. ಬೇಟೆಯನ್ನು ಬದುಕು ಮಾಡಿಕೊಂಡಿದ್ದ ಬೇಡ ನಾಯಕರ ಸೀಮೆಗೆ ಅದು ಒಪ್ಪುವಂತಿದೆ.

ಈ ಕಡೆಯ ಹಳ್ಳಿಗಳಲ್ಲಿ ಪದದ ಪಯಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಕಾರ ಉದುರಿ ‘ವಡೀತಾನೆ’, ‘ವಡ್ಕಂಡು ಬಾ’ ಎಂದಾಗಿದೆ. ಪೊಡೆ, ಹೊಡೆ, ವಡೆ. ಸಾವಿರ ವರ್ಷದ ಧ್ವನಿ ಇತಿಹಾಸದ ಕೊನೆಯ ಮೆಟ್ಟಿಲು ಚಳ್ಳಕೆರೆಯ ಸಂತೆಯಲ್ಲಿ ಕಿವಿಗೆ ಬೀಳುತ್ತದೆ. ಹಾಗೆ ಹಕಾರ ಬಿದ್ದಾಗ ಅದು ‘ಒಡೆ’ ಎಂಬ ಬೇರೆ ಕ್ರಿಯಾಪದದ ಮೈಗೆ ಹತ್ತುತ್ತದೆ. ದೇವರ ಮುಂದೆ ಕಾಯಿ ಒಡೆದರೋ ಹೊಡೆದರೋ ಎಂದು ಇಲ್ಲಿ ಕಿವಿಯಿಂದ ತೀರ್ಮಾನಿಸಲು ಬರುವುದಿಲ್ಲ. ಎರಡೂ ಆಗಿರುತ್ತದೆ. ಇದರ ಜೊತೆಗೆ ನಾಮಪದವಾದ ಇನ್ನೊಂದು ‘ಹೊಡೆ’ ಬೇರೆ ಇದೆ. ಜೋಳ, ಸಜ್ಜೆಗಳ ತೆನೆ ಹೊರಬರುವ ಮೊದಲು ಗರಿಯ ಒಳಗೆ ಉಬ್ಬಿ ನಿಲ್ಲುವ ಬಸಿರು ಅದು. ‘ಜೋಳ ಹೊಡೆಗೆ ಬಂದೈತೆ, ಒಂದು ಮಳೆ ಬೇಕು’ ಎಂಬ ಮಾತು ಈ ಬಯಲಿನ ಪ್ರತಿ ಹಳ್ಳಿಯ ಕಟ್ಟೆಯ ಮೇಲೂ ಹುಟ್ಟಿದೆ. ಹಳಗನ್ನಡದಲ್ಲಿ ಹೊಟ್ಟೆಗೂ ಪೊಡೆ ಎಂದೇ ಹೆಸರಿತ್ತು, ಈ ಹೊಡೆ ಆ ಬಳಗದ್ದು. ಕ್ರಿಯಾಪದದ ಜೊತೆ ಅದನ್ನು ಗಂಟು ಹಾಕಲು ನಾನು ಹೋಗುವುದಿಲ್ಲ.

ನಿಜವಾದ ತಿರುವು ಇರುವುದು ದನ ಹೊಡೆಯುವುದರಲ್ಲಿ. ‘ದನ ಹೊಡ್ಕಂಡು ಹೋಗ್ಯಾನೆ’ ಎಂದರೆ ದನಗಳಿಗೆ ಪೆಟ್ಟು ಕೊಟ್ಟಿದ್ದಾನೆ ಎಂದಲ್ಲ, ಮುಂದೆ ಬಿಟ್ಟುಕೊಂಡು ಮೇಯಲು ನಡೆಸಿಕೊಂಡು ಹೋಗಿದ್ದಾನೆ ಎಂದು. ಕೈಯಲ್ಲಿ ಕೋಲಿರುತ್ತದೆ, ನಿಜ. ಅದು ಹೆಚ್ಚಾಗಿ ಗಾಳಿಯಲ್ಲೇ ಇರುತ್ತದೆ. ಮೊದಲು ಕೋಲಿನ ಪೆಟ್ಟು, ಆಮೇಲೆ ಪೆಟ್ಟಿನ ಬೆದರಿಕೆ, ಕೊನೆಗೆ ಬರಿಯ ನಡೆಸುವಿಕೆ. ಪೆಟ್ಟು ಕಳಚಿಬಿದ್ದು ಚಲನೆ ಮಾತ್ರ ಉಳಿದದ್ದು ಇಲ್ಲಿ. ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೂ ಸಂಜೆ ಅವನ್ನು ರೊಪ್ಪಕ್ಕೆ ಹೊಡೆದುಕೊಂಡು ಬರುತ್ತಾನೆ. ಆ ಎತ್ತುಗಳನ್ನು ಉಳುಮೆಗೆ ಹೂಡುವುದಿಲ್ಲ, ಅವು ಸತ್ತರೆ ಗೌರವದಿಂದ ಮಣ್ಣು ಮಾಡುತ್ತಾರೆ. ಅಂಥ ಪೂಜ್ಯ ಜೀವಕ್ಕೂ ‘ಹೊಡೆ’ ಎಂಬ ಪದವನ್ನೇ ಬಳಸುತ್ತಾರೆ ಎಂದರೆ ಆ ಪದದಲ್ಲಿ ನೋವಿನ ಸುಳಿವು ಎಷ್ಟು ಪೂರ್ತಿಯಾಗಿ ಅಳಿದಿದೆ ನೋಡಿ.

ಅಕ್ಕಪಕ್ಕದ ಭಾಷೆಗಳನ್ನು ಕೇಳಿದರೆ ಈ ತಿರುವು ಕನ್ನಡದ ಸ್ವಂತದ್ದು ಎಂಬುದು ತಿಳಿಯುತ್ತದೆ. ಮೊಳಕಾಲ್ಮೂರಿಗೆ ಕೂಗಳತೆಯಲ್ಲಿರುವ ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರ ರಾಜ್ಯ ಆದಾಗ ಅತ್ತ ಹೋಯಿತು. ಸಂತೆ, ಸಂಬಂಧ, ಮಗ್ಗ ಎಲ್ಲವೂ ಎರಡು ಭಾಷೆಯಲ್ಲಿ ನಡೆಯುವ ಗಡಿ ಇದು. ತೆಲುಗಿನಲ್ಲಿ ಪೆಟ್ಟು ಹಾಕುವುದು ‘ಕೊಟ್ಟು’, ದನ ನಡೆಸುವುದು ‘ತೋಲು’. ಗಾಡಿಯನ್ನೂ ತೋಲುತ್ತಾರೆ, ಗಾಡಿಯಲ್ಲಿ ಗೊಬ್ಬರವನ್ನೂ ತೋಲುತ್ತಾರೆ. ತಮಿಳಿನಲ್ಲಿ ಪೆಟ್ಟಿಗೆ ‘ಅಡಿ’, ಗಾಡಿಗೆ ‘ಓಟ್ಟು’. ಮರಾಠಿಯವರು ಗಾಡಿ ಹೊಡೆಯುವುದಕ್ಕೆ ‘ಹಾಕಣೆ’ ಎನ್ನುತ್ತಾರೆ. ಎರಡು ಕೆಲಸಕ್ಕೆ ಎರಡು ಪದ ಇಟ್ಟುಕೊಂಡವರ ನಡುವೆ ಕನ್ನಡ ಒಂದೇ ಪದದಲ್ಲಿ ಎರಡನ್ನೂ ನಡೆಸಿತು.

ದನ ಹೊಡೆಯುವುದು ಬಂದಮೇಲೆ ಉಳಿದದ್ದು ತಾನಾಗಿ ಬಂತು. ದನ ಕಟ್ಟಿದ ಗಾಡಿಯನ್ನು ಹೊಡೆದರು. ಗಾಡಿಯಲ್ಲಿ ತುಂಬಿದ್ದನ್ನೂ ಹೊಡೆದರು: ಗೊಬ್ಬರ, ಕೆರೆಯ ಮಣ್ಣು, ಬರಗಾಲದಲ್ಲಿ ನೀರು. ಎತ್ತು ಎಳೆಯುವ ನೇಗಿಲು, ಕುಂಟೆ, ಗಾಣಗಳೂ ಹೊಡೆಯುವ ವಸ್ತುಗಳಾದವು. ಇವುಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದದ್ದು ‘ಕಪಿಲೆ ಹೊಡೆ’. ವಿದ್ಯುತ್ ಪಂಪು ಬರುವ ಮುಂಚೆ ಬಾವಿಯಿಂದ ನೀರೆತ್ತುತ್ತಿದ್ದದ್ದು ಕಪಿಲೆಯಿಂದ. ಬಾವಿಯ ದಡದಿಂದ ಇಳಿಜಾರಾಗಿ ಅಗೆದ ದಾರಿ, ಮೇಲೆ ಉರುಳುವ ಗಾಲಿ, ಹಗ್ಗದ ತುದಿಗೆ ಚರ್ಮದ ಬಾನೆ. ಬಾನೆ ತುಂಬಿದೊಡನೆ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯಬೇಕು. ಹೊಡೆಯುವವನು ಬಿಗಿದ ಹಗ್ಗದ ಮೇಲೆ ಕುಳಿತು ತನ್ನ ಮೈತೂಕವನ್ನೂ ಎತ್ತುಗಳ ತೂಕಕ್ಕೆ ಸೇರಿಸುತ್ತಾನೆ. ಇಳಿಜಾರಿನ ಕೊನೆ ಮುಟ್ಟಿದಾಗ ಮೇಲೆ ಬಾನೆ ತೊಟ್ಟಿಗೆ ಬಾಯಿ ಬಿಡುತ್ತದೆ. ಅವನು ಹಗ್ಗದಿಂದ ಇಳಿದು ಎತ್ತುಗಳನ್ನು ಮತ್ತೆ ಮೇಲಕ್ಕೆ ತರುತ್ತಾನೆ. ನಸುಕಿನಿಂದ ಬಿಸಿಲೇರುವ ತನಕ ಇದೇ. ಬೇಸರ ಕಳೆಯಲು, ಎಣಿಕೆ ಇಡಲು ಹಾಡು ಹೇಳುತ್ತಿದ್ದರು, ಜನಪದ ಸಂಗ್ರಹಗಳಲ್ಲಿ ಕಪಿಲೆ ಹಾಡುಗಳೆಂದೇ ಒಂದು ಬಗೆಯಿದೆ. ಆ ಇಡೀ ದುಡಿಮೆಗೆ, ಮನುಷ್ಯ, ಎತ್ತು, ಹಗ್ಗ, ನೀರು ಎಲ್ಲ ಒಟ್ಟಾಗಿ ಏರಿಳಿಯುವುದಕ್ಕೆ ಇದ್ದ ಹೆಸರು ಹೊಡೆಯುವುದು.

ಕಳ್ಳತನದ ಅರ್ಥವೂ ದನದ ಹಾದಿಯಲ್ಲೇ ಬಂದಿರಬೇಕು ಎಂದು ನನ್ನ ಊಹೆ. ಈ ಬಯಲಿನ ವೀರಗಲ್ಲುಗಳಲ್ಲಿ ತುರುಗೋಳಿನ ಚಿತ್ರ ಕಾಣುತ್ತದೆ: ಹಸುಗಳ ಸಾಲು, ಅವನ್ನು ಅಟ್ಟಿಕೊಂಡು ಹೋಗುವವರು, ಅಡ್ಡಬಂದು ಸತ್ತ ವೀರ. ಬೇರೆಯವರ ದನ ಹೊಡೆದುಕೊಂಡು ಹೋಗುವುದೇ ಆಗಿನ ದೊಡ್ಡ ಲೂಟಿ. ಇವತ್ತು ಯಾರೋ ಯೋಜನೆಯ ದುಡ್ಡು ಹೊಡೆದ, ಇನ್ನೊಬ್ಬ ಜೇಬು ಹೊಡೆದ ಎನ್ನುವಾಗ ಆ ದನದ ಹಿಂಡಿನ ಧೂಳು ಮಾತಿಗೆ ಅಂಟಿಕೊಂಡಿದೆ.

ಮಗ್ಗದ ಮನೆಗೆ ಬಂದರೆ ಇದೇ ಪದ ಬೇರೆ ಬೆಳಕಿನಲ್ಲಿ ನಿಲ್ಲುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನೇಕಾರ ಕಾಲಲ್ಲಿ ಮೆಟ್ಟಿ ಹಾಸಿನ ಎಳೆಗಳನ್ನು ಬಿಡಿಸುತ್ತಾನೆ, ಆ ಸಂದಿನಲ್ಲಿ ಲಾಳಿ ಹೊಡೆಯುತ್ತಾನೆ, ಹಣಿಗೆಯಿಂದ ಹೊಕ್ಕಿನ ಎಳೆಯನ್ನು ಒತ್ತುತ್ತಾನೆ. ಒಡಲಿಗೊಂದು ಬಣ್ಣ, ಎರಡು ಅಂಚಿಗೆ ಬೇರೆ ಬಣ್ಣ ಬೇಕಾದರೆ ಮೂರು ಲಾಳಿ ಬೇಕು, ಪಕ್ಕದಲ್ಲಿ ಇನ್ನೊಬ್ಬರ ಕೈಯೂ ಬೇಕು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಕೊಟ್ಟು ನೇಯ್ದರೆ ಸೀರೆ ಬೆಳಕಿಗೆ ತಿರುಗಿಸಿದಂತೆ ಬಣ್ಣ ಬದಲಿಸುತ್ತದೆ. ಅದನ್ನು ಮಡಿಕೆ ಬಿಚ್ಚಿ ತೋರಿಸುವವರು, ‘ಕೆಂಪು ಸೀರೆನೇ, ಬಿಸಿಲಿಗೆ ಹಿಡಿದ್ರೆ ಸ್ವಲ್ಪ ಹಸಿರು ಹೊಡೀತದೆ’ ಅನ್ನುತ್ತಾರೆ. ಇಲ್ಲಿ ಹೊಡೆಯುವವನೇ ಇಲ್ಲ, ಬಣ್ಣವೇ ಹೊಡೆಯುತ್ತದೆ. ಇಂಗ್ಲಿಷಿನವರು ಇಂಥ ಬಟ್ಟೆಯನ್ನು ‘ಶಾಟ್ ಸಿಲ್ಕ್’ ಎನ್ನುತ್ತಾರೆ. ‘ಶೂಟ್’ ಎಂಬ ಅವರ ಕ್ರಿಯಾಪದ ಗುಂಡು ಹಾರಿಸುವುದರಿಂದ ಫೋಟೋ ತೆಗೆಯುವವರೆಗೆ, ಗಿಡ ಚಿಗುರುವವರೆಗೆ ಹರಡಿಕೊಂಡಿರುವಂಥದ್ದು, ಮಗ್ಗಕ್ಕೂ ಅದು ಲಾಳಿಯ ಜೊತೆಗೇ ಬಂತು. ಎರಡು ದೂರದ ನಾಡಿನ ನೇಕಾರರು ಒಂದೇ ಬಟ್ಟೆಯ ಮಿನುಗಿಗೆ ಹೊಡೆತದ ಪದವನ್ನೇ ಹುಡುಕಿಕೊಂಡದ್ದು ನನಗೆ ಬಹಳ ಚೆಂದವಾಗಿ ಕಂಡಿದೆ.

ಈಗ ಹುಡುಗರ ಮಾತಿಗೆ ಬರೋಣ. ಕನ್ನಡ ಹೊರಗಿನಿಂದ ನಾಮಪದವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಕ್ರಿಯಾಪದವನ್ನು ಹಾಗೆ ಬಿಡುವುದಿಲ್ಲ. ಬಂದ ಪದಕ್ಕೆ ತನ್ನದೊಂದು ಕ್ರಿಯಾಪದ ಜೋಡಿಸಿಯೇ ಕೆಲಸಕ್ಕೆ ಹಚ್ಚುತ್ತದೆ. ಮಾಡು, ಆಗು, ಹಾಕು, ಹೊಡೆ ಈ ಕೆಲಸದ ಮುಖ್ಯಸ್ಥರು. ಯಾವುದಕ್ಕೆ ಯಾವುದು ಎಂಬುದು ಮನಸೋಇಚ್ಛೆಯಲ್ಲ. ಕಾಪಿ ಮಾಡಿದರೆ ನಕಲು ಪ್ರತಿ ತೆಗೆದಂತೆ, ಕಾಪಿ ಹೊಡೆದರೆ ಪರೀಕ್ಷೆಯಲ್ಲಿ ಕದ್ದಂತೆ. ನಮಸ್ಕಾರ ಮಾಡುತ್ತಾರೆ, ಸಲಾಂ ಹೊಡೆಯುತ್ತಾರೆ, ಮನಸ್ಸಿನಲ್ಲಿ ಗೌರವವಿದ್ದರೂ ಇಲ್ಲದಿದ್ದರೂ ಕೈ ಹಣೆಗೆ ಹೋದರೆ ಆಯಿತು. ನಿದ್ದೆ ಮಾಡುವವನನ್ನು ಎಬ್ಬಿಸಬಹುದು, ನಿದ್ದೆ ಹೊಡೆಯುವವನನ್ನು ಎಬ್ಬಿಸುವುದು ಕಷ್ಟ. ಟೀ ಕುಡಿಯುವುದು ಮನೆಯಲ್ಲಿ, ಟೀ ಹೊಡೆಯುವುದು ಅಂಗಡಿಯ ಮುಂದೆ ಗೆಳೆಯರ ಜೊತೆ, ನಿಂತುಕೊಂಡು. ಒಂದೇ ಉಸಿರಿನಲ್ಲಿ, ಮೈಯ ಬಲದಿಂದ, ಪೂರ್ತಿಯಾಗಿ ಮುಗಿಸುವ ಕೆಲಸಗಳಿಗೆ ಹೊಡೆ ಸೇರುತ್ತದೆ. ಅದಕ್ಕೇ ಅಡುಗೆ ಹೊಡೆದರು, ಪೂಜೆ ಹೊಡೆದರು ಎಂದು ಯಾವ ತುಂಟ ಹುಡುಗನೂ ಹೇಳುವುದಿಲ್ಲ. ತಾಳ್ಮೆಯ ಕೆಲಸಕ್ಕೆ ಈ ಪದ ಹತ್ತುವುದಿಲ್ಲ. ಆಡುಮಾತಿಗೆ ನಿಯಮವಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಚಳ್ಳಕೆರೆಗೆ ಶೇಂಗಾ ಎಣ್ಣೆ ಗಿರಣಿಗಳಿಂದ ‘ಎಣ್ಣೆ ನಗರಿ’ ಎಂಬ ಹೆಸರು ಬಂತು. ಗಾಣ ಹೊಡೆದು ಎಣ್ಣೆ ತೆಗೆದವರ ಊರಲ್ಲೂ ‘ಎಣ್ಣೆ ಹೊಡೆ’ ಎಂದರೆ ಇವತ್ತು ಹೆಂಡ ಕುಡಿಯುವುದು. ದುಡಿದು ತೆಗೆಯುವ ಎಣ್ಣೆಗೂ ದುಡಿದದ್ದನ್ನು ತೆಗೆದುಕೊಂಡು ಹೋಗುವ ಎಣ್ಣೆಗೂ ಒಂದೇ ಹೆಸರು ಬಿದ್ದದ್ದನ್ನು ಆ ಮನೆಗಳ ಹೆಂಗಸರು ಹೇಗೆ ಕೇಳಿಸಿಕೊಳ್ಳುತ್ತಾರೋ ಎಂದು ನನಗೆ ಸಂಕಟವಾಗುತ್ತದೆ. ಗಡಿಯಾಚೆ ತೆಲುಗಿನಲ್ಲಿ ‘ಮಂದು ಕೊಟ್ಟು’ ಎಂದರೆ ಬೆಳೆಗೆ ಔಷಧಿ ಹೊಡೆಯುವುದೂ ಹೌದು, ಹೆಂಡ ಕುಡಿಯುವುದೂ ಹೌದು. ಕಣ್ಣು ಹೊಡೆಯುವುದು, ಕಾಪಿ ಹೊಡೆಯುವುದು, ಬೋರ್ ಹೊಡೆಯುವುದು ಎಲ್ಲಕ್ಕೂ ಅಲ್ಲಿ ಕೊಟ್ಟುವೇ, ತಮಿಳಿನಲ್ಲಿ ಅಡಿಯೇ.

ಇದು ದಕ್ಷಿಣದ ಗುಟ್ಟೂ ಅಲ್ಲ. ಪಾರಸಿಯಲ್ಲಿ ‘ಜದನ್’ ಎಂದರೆ ಹೊಡೆ. ಅವರು ಮಾತು ಹೊಡೆಯುತ್ತಾರೆ, ಹೆಜ್ಜೆ ಹೊಡೆಯುತ್ತಾರೆ, ಶಿಳ್ಳೆ ಹೊಡೆಯುತ್ತಾರೆ. ಚೀನೀಯರು ‘ದಾ’ ಎಂಬ ಹೊಡೆತದ ಪದದಲ್ಲಿ ಫೋನು ಮಾಡುತ್ತಾರೆ, ನೀರು ತರುತ್ತಾರೆ, ಸ್ವೆಟರ್ ಹೆಣೆಯುತ್ತಾರೆ, ಗೊರಕೆಯನ್ನೂ ಹೊಡೆಯುತ್ತಾರೆ. 11ನೇ ಶತಮಾನದಲ್ಲೇ ಔಯಾಂಗ್ ಶಿಯು ಎಂಬ ದೊಡ್ಡ ವಿದ್ವಾಂಸ, ಈ ಪದವನ್ನು ಜನ ಎಲ್ಲದಕ್ಕೂ ಎಳೆದು ಕೆಡಿಸುತ್ತಿದ್ದಾರೆ ಎಂದು ಬರೆದಿಟ್ಟ. ಅವನು ದೂರಿದ ಬಳಕೆಗಳ ಸಂತತಿ ಇವತ್ತಿಗೂ ಚೀನಾದ ಮನೆಮಾತಿನಲ್ಲಿದೆ.

ನಮ್ಮಲ್ಲೂ ಬರವಣಿಗೆ ಹೊಡೆಯನ್ನು ಸ್ವಲ್ಪ ದೂರವೇ ಇಟ್ಟಿದೆ. ಪತ್ರಿಕೆಗಳಲ್ಲಿ ಆಟಗಾರ ಶತಕ ಬಾರಿಸುತ್ತಾನೆ, ಸಿಡಿಸುತ್ತಾನೆ, ಹಳ್ಳಿಯ ಮೈದಾನದಲ್ಲಿ ಮಾತ್ರ ಹೊಡೆಯುತ್ತಾನೆ. ಅಪಘಾತದ ಸುದ್ದಿಯಲ್ಲಿ ಡಿಕ್ಕಿ ಹೊಡೆಯಬಹುದು, ಗಡಿಯ ಸುದ್ದಿಯಲ್ಲಿ ವಿಮಾನ ಹೊಡೆದುರುಳಿಸಬಹುದು, ಅಷ್ಟಕ್ಕೇ ಪರವಾನಗಿ. ಮಗು ಪ್ರಬಂಧದಲ್ಲಿ ‘ಅಪ್ಪ ಗೊಬ್ಬರ ಹೊಡೆದರು’ ಎಂದು ಬರೆದರೆ ‘ಸಾಗಿಸಿದರು’ ಎಂದು ತಿದ್ದುವ ಮೇಷ್ಟ್ರಿದ್ದಾರೆ. ಅವರು ಆ ಪದಕ್ಕೆ ಗೀಟು ಹೊಡೆದು ತಿದ್ದಿರುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂತು. ಶಾಸನ, ಕಾವ್ಯಗಳ ಬಳಕೆಯನ್ನು ಪ್ರಯೋಗ ಸಮೇತ ಕೊಟ್ಟ ಆ ಕೆಲಸಕ್ಕೆ ಕೈಮುಗಿಯಬೇಕು. ಅದರ ಬೆನ್ನಿಗಿದ್ದ ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ದಿನಬಳಕೆಯ ಸಂದೇಹಗಳಿಗೂ ಉತ್ತರ ಕೊಟ್ಟರು. ಹೊಲ, ಮಗ್ಗ, ಗಾಣಗಳ ಬಳಕೆಯನ್ನು ಅಷ್ಟೇ ಶ್ರದ್ಧೆಯಿಂದ, ಹೇಳಿದವರ ಮಾತಿನಲ್ಲೇ ದಾಖಲಿಸುವ ಕೆಲಸ ಪ್ರತಿ ತಾಲ್ಲೂಕಿನಲ್ಲೂ ಆಗಬೇಕು. ಏಕೆಂದರೆ ಆ ಅರ್ಥಗಳು ದುಡಿಮೆಯ ಜೊತೆಗೇ ಹೋಗುತ್ತಿವೆ. ಚಳ್ಳಕೆರೆಯ ಕುದಾಪುರ, ಉಳ್ಳಾರ್ತಿಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದಿತು. ಕುರಿ, ದನ ಹೊಡೆದುಕೊಂಡು ಹೋಗುತ್ತಿದ್ದವರಿಗೆ ಮೊದಲು ಹೋದದ್ದು ಹುಲ್ಲು. ಮುಂದಿನ ತಲೆಮಾರಿಗೆ ಆ ಅರ್ಥವೂ ಹೋಗುತ್ತದೆ. ಕಪಿಲೆ ಹೊಡೆಯುವುದು ಎಂದರೇನು ಎಂದು ಈಗಾಗಲೇ ಮಕ್ಕಳಿಗೆ ಬಿಡಿಸಿ ಹೇಳಬೇಕು.

ಇದಕ್ಕಿಂತ ದೊಡ್ಡ ಬದಲಾವಣೆ ಒಂದು ಸಣ್ಣ ಪ್ರತ್ಯಯದಲ್ಲಿ ನಡೆದಿದೆ. ಎತ್ತು ಮನೆಯಲ್ಲಿದ್ದಾಗ ರೈತ ನೇಗಿಲು ಹೊಡೆಯುತ್ತಿದ್ದ. ಎತ್ತು ಹೋಗಿ ಟ್ರ್ಯಾಕ್ಟರ್ ಬಾಡಿಗೆಗೆ ಬಂದಮೇಲೆ ಅವನು ‘ಟ್ರ್ಯಾಕ್ಟರ್ ಹೊಡೆಸಿದೆ’ ಎನ್ನುತ್ತಾನೆ. ರೋಟವೇಟರ್ ಹೊಡೆಸುತ್ತಾನೆ, ಡ್ರೋನ್ ತರಿಸಿ ಔಷಧಿ ಹೊಡೆಸುತ್ತಾನೆ, ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಾನೆ. ಹೊಡೆ ಎಂಬಲ್ಲಿ ಮೈಯ ದಣಿವಿತ್ತು, ಹೊಡೆಸು ಎಂಬಲ್ಲಿ ಗಂಟೆಯ ಲೆಕ್ಕದ ದುಡ್ಡಿದೆ. ಬೋರು ಮಾತ್ರ ಎಂದೂ ಅವನು ತಾನೇ ಹೊಡೆದದ್ದಲ್ಲ, ಹುಟ್ಟಿದ್ದೇ ಹೊಡೆಸುವ ಕೆಲಸವಾಗಿ. ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳು ಬರುತ್ತವೆ, ಅಡಿಗಿಷ್ಟು ಎಂದು ದರ. ಕೊಳವೆಯ ಬಾಯಿಂದ ಬೂದು ಬಣ್ಣದ ಧೂಳು ಎದ್ದು ಹೊಲದ ಬೇಲಿ, ನಿಂತವರ ತಲೆ ಎಲ್ಲವೂ ಬಿಳುಚುತ್ತವೆ. ಪ್ರತಿ ಕೊಳವೆ ಇಳಿಸುವಾಗ, ‘ಇನ್ನೊಂದು ಹೊಡೆಸಾನ’ ಎಂದು ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಊರಿನ ಕಾಲೇಜು ಹುಡುಗಿ ‘ಬೋರ್ ಹೊಡೀತಿದೆ’ ಅಂದರೆ ಬೇಸರ, ಅವಳ ಅಪ್ಪ ‘ಬೋರ್ ಹೊಡೆಸ್ಬೇಕು’ ಅಂದರೆ ಸಾಲ. ಎರಡನ್ನೂ ಬೇರೆ ಮಾಡುವುದು ನಡುವೆ ಬಂದ ಒಂದು ‘ಸು’.

ಹಾಗೆಂದು ಹೊಡೆ ಬಡವಾಗಿಲ್ಲ. ಹೊಲದ ಒಡೆಯ ಟ್ರ್ಯಾಕ್ಟರ್ ಹೊಡೆಸಿದರೆ ಅದನ್ನು ಹೊಡೆಯುವ ಹುಡುಗನೊಬ್ಬ ಇದ್ದೇ ಇರುತ್ತಾನೆ. ಹೆಚ್ಚಾಗಿ ಆ ಕೇರಿಯವನೇ, ಕಾಲೇಜು ಅರ್ಧಕ್ಕೆ ಬಿಟ್ಟವನೋ ರಜೆಯಲ್ಲಿ ಬಂದವನೋ. ‘ಏನು ಮಾಡ್ತೀಯಪ್ಪ’ ಎಂದರೆ ‘ಟ್ರ್ಯಾಕ್ಟರ್ ಹೊಡೀತೀನಿ’ ಎನ್ನುತ್ತಾನೆ, ಅವನ ತಾತ ‘ಗಾಡಿ ಹೊಡೀತೀನಿ’ ಎನ್ನುತ್ತಿದ್ದ ಅದೇ ಧಾಟಿಯಲ್ಲಿ. ಕೆಲಸ ಮುಗಿಸಿ ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ ಟೀ ಹೊಡೆಯುತ್ತಾನೆ. ದುಡ್ಡು ಕೊಡಬೇಕಾದವರಿಗೆ, ‘ಫೋನ್‌ಪೇ ಹೊಡಿ ಅಣ್ಣ’ ಎಂದು ಫೋನಿನಲ್ಲೇ ಕೂಗಿ ಹೇಳುತ್ತಾನೆ.